ಸೇತುವೆ ಕಟ್ಟಿದ ಕರ್ನಲ್

ಯುದ್ಧವನ್ನು ವಸ್ತುವಾಗಿ ಉಳ್ಳ ನಾಟಕಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ನಟನ ಪಾಡು ಕಷ್ಟದ್ದು. ಫಿರಂಗಿಯ ಸದ್ದಿನ ನಡುವೆ ಮನುಷ್ಯನ ಧ್ವನಿ ಕೇಳಿಸಬೇಕು. ಹೊಗೆಯ ನಡುವೆ ಮುಖ ಕಾಣಿಸಬೇಕು. ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕವಾಡುವವರು ಈ ತೊಡಕನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ. ಹದಿನೆಂಟು ಅಕ್ಷೌಹಿಣಿ ಸೇನೆಯನ್ನು ಪರದೆಯ ಹಿಂದಕ್ಕೆ ಕಳುಹಿಸಿ, ಕರ್ಣನನ್ನೂ ದುರ್ಯೋಧನನನ್ನೂ ದೀಪದ ಮುಂದೆ ನಿಲ್ಲಿಸಿ ಮಾತನಾಡಿಸುತ್ತಾರೆ. ಅಲ್ಲಿ ನಾವು ನೋಡುವುದು ಯುದ್ಧವನ್ನಲ್ಲ, ಯುದ್ಧವನ್ನು ಹೊತ್ತ ಮನುಷ್ಯನನ್ನು. ಈ ದಿನ ನಾನು ಮಾತನಾಡಬೇಕೆಂದಿರುವ ಇಂಗ್ಲಿಷ್ ಚಿತ್ರವೂ ಇದೇ ಜಾತಿಯದು. ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಎಂಬುದು ಅದರ ಹೆಸರು. ಪಿಯೆರ್ ಬೂಲ್ ಎಂಬ ಫ್ರೆಂಚ್ ಲೇಖಕರು 1952ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿ ಡೇವಿಡ್ ಲೀನ್ ಅವರು 1957ರಲ್ಲಿ ಅದನ್ನು ತೆರೆಗೆ ತಂದರು. ಎರಡು ಗಂಟೆ ನಲವತ್ತು ನಿಮಿಷದ ಈ ಯುದ್ಧಚಿತ್ರದಲ್ಲಿ ಸೇನೆಗೆ ಸೇನೆ ಎದುರಾಗಿ ಕಾದುವ ಒಂದು ದೃಶ್ಯವೂ ಇಲ್ಲ. ಕಾದುವವರು ಇಬ್ಬರು ಕರ್ನಲ್‌ಗಳು. ಒಬ್ಬ ಜಪಾನಿ, ಸೆರೆಶಿಬಿರದ ಅಧಿಪತಿ. ಇನ್ನೊಬ್ಬ ಇಂಗ್ಲಿಷಿನವ, ಸೆರೆಯಾಳು. ಆ ಸೆರೆಯಾಳು ಕರ್ನಲ್ ನಿಕಲ್ಸನ್. ಆ ಪಾತ್ರವನ್ನು ಧರಿಸಿದವರು ಅಲೆಕ್ ಗಿನೆಸ್.

ಗಿನೆಸ್ ಅವರನ್ನು ಅಲ್ಲಿಯವರೆಗೆ ಜನ ಹೆಚ್ಚಾಗಿ ಬಲ್ಲದ್ದು ವಿನೋದದ ನಟರೆಂದು. 1949ರ ‘ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್’ ಎಂಬ ಚಿತ್ರದಲ್ಲಿ ಒಂದೇ ಮನೆತನದ ಎಂಟು ಮಂದಿಯ ವೇಷವನ್ನು ತಾವೊಬ್ಬರೇ ಹಾಕಿ ನಗಿಸಿದ್ದರು. ಆ ಎಂಟರಲ್ಲಿ ಒಬ್ಬಳು ಹೆಂಗಸು ಬೇರೆ. ಯುದ್ಧವೆಂದರೇನೆಂಬುದು ಅವರಿಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. ಎರಡನೆಯ ಮಹಾಯುದ್ಧದಲ್ಲಿ ನೌಕಾದಳದ ಅಧಿಕಾರಿಯಾಗಿ, 1943ರಲ್ಲಿ ಸಿಸಿಲಿ ದ್ವೀಪಕ್ಕೆ ಸೈನಿಕರನ್ನು ಇಳಿಸುವ ದೋಣಿಯೊಂದನ್ನು ನಡೆಸಿದವರು ಅವರು. ನಮ್ಮ ನಾಡಿಗೂ ಅವರಿಗೂ ಮುಂದೆ ಒಂದು ನಂಟು ಬೆಳೆಯಿತು. ಇದೇ ಡೇವಿಡ್ ಲೀನ್ ಅವರು ಬೆಂಗಳೂರು, ಸಾವನದುರ್ಗಗಳ ಕಡೆ ಚಿತ್ರೀಕರಿಸಿ 1984ರಲ್ಲಿ ತೆರೆಗೆ ತಂದ ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ ಗಿನೆಸ್ ಅವರು ಗೋಡಬೋಲೆ ಎಂಬ ಬ್ರಾಹ್ಮಣ ಪ್ರಾಧ್ಯಾಪಕನಾಗಿ ಬರುತ್ತಾರೆ. ಆ ವೇಷ ಅವರಿಗೆ ಒಪ್ಪಲಿಲ್ಲವೆಂದೇ ನನ್ನ ಅಭಿಪ್ರಾಯ. ಪಂಚೆ ಉಟ್ಟವರೆಲ್ಲ ಪಂಡಿತರಾಗುವುದಿಲ್ಲ. ಈ ಮಾತನ್ನು ಪಂಡಿತ ಪರೀಕ್ಷೆ ಮಾಡಿಕೊಂಡ ನನ್ನಂಥವನು ಧೈರ್ಯವಾಗಿ ಹೇಳಬಹುದು. ನಿಕಲ್ಸನ್ನನ ವಿಷಯ ಹಾಗಲ್ಲ. ಅಲ್ಲಿ ವೇಷ ಎಲ್ಲಿ ಮುಗಿಯಿತು, ಮನುಷ್ಯ ಎಲ್ಲಿ ತೊಡಗಿದ ಎಂದು ಬೆರಳಿಟ್ಟು ತೋರಿಸುವುದು ಸಾಧ್ಯವಿಲ್ಲ.

ಕತೆಯನ್ನು ನೋಡದವರಿಗಾಗಿ ಸ್ವಲ್ಪ ಹೇಳಬೇಕು. 1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ವಶವಾಯಿತು. ಮೇಲಿನವರ ಅಪ್ಪಣೆಯಂತೆ ಶರಣಾದ ಒಂದು ದಳ ತನ್ನ ಕರ್ನಲ್ಲನೊಡನೆ ಸಯಾಮಿನ ಕಾಡಿನ ಶಿಬಿರಕ್ಕೆ ಬರುತ್ತದೆ. ಬಟ್ಟೆ ಹರಿದಿದೆ, ಬೂಟಿನ ಅಟ್ಟೆ ಕಿತ್ತು ನೇತಾಡುತ್ತಿದೆ. ಆದರೂ ಸಾಲು ತಪ್ಪಿಲ್ಲ, ಬಾಯಲ್ಲಿ ಸಿಳ್ಳಿನ ರಾಗ. ಶಿಬಿರದ ಅಧಿಪತಿ ಸೈಟೋ, ಕ್ವಾಯ್ ನದಿಗೆ ರೈಲು ಸೇತುವೆಯನ್ನು ಗೊತ್ತಾದ ದಿನದೊಳಗೆ ಕಟ್ಟಿಸಬೇಕು. ತಪ್ಪಿದರೆ ತನ್ನ ಹೊಟ್ಟೆಯನ್ನು ತಾನೇ ಬಗೆದುಕೊಂಡು ಸಾಯಬೇಕು. ಅವನು ಅಧಿಕಾರಿಗಳೂ ಸೈನಿಕರ ಜೊತೆಯಲ್ಲಿ ಮಣ್ಣು ಹೊರಬೇಕೆಂದು ಆಜ್ಞೆ ಮಾಡುತ್ತಾನೆ. ನಿಕಲ್ಸನ್ನನು ಜೇಬಿನಿಂದ ಜಿನೀವಾ ಒಪ್ಪಂದದ ಪುಸ್ತಿಕೆಯನ್ನು ತೆಗೆದು, ಅಧಿಕಾರಿಗಳಿಂದ ಕೂಲಿ ಮಾಡಿಸುವಂತಿಲ್ಲವೆಂಬ ನಿಯಮವನ್ನು ತೋರಿಸುತ್ತಾನೆ. ಸೈಟೋ ಅದೇ ಪುಸ್ತಿಕೆಯಿಂದ ಅವನ ಕೆನ್ನೆಗೆ ಬಾರಿಸುತ್ತಾನೆ.

ಇಲ್ಲಿ ಗಿನೆಸ್ ಅವರು ಏನು ಮಾಡುತ್ತಾರೆಂಬುದನ್ನು ಗಮನಿಸಬೇಕು. ನಮ್ಮ ರಂಗಭೂಮಿಯ ನಟನಾಗಿದ್ದರೆ ಕಣ್ಣು ಕೆಂಪಗೆ ಮಾಡುತ್ತಿದ್ದ, ಹಲ್ಲು ಕಡಿಯುತ್ತಿದ್ದ. ಅದಕ್ಕೆ ಚಪ್ಪಾಳೆಯೂ ಬೀಳುತ್ತಿತ್ತು. ಗಿನೆಸ್ ಅವರ ಮುಖದಲ್ಲಿ ಕಾಣುವುದು ಕೋಪಕ್ಕಿಂತ ಹೆಚ್ಚಾಗಿ ಒಂದು ಬಗೆಯ ಮುಜುಗರ. ಔತಣದ ಮನೆಯಲ್ಲಿ ಯಾರೋ ಅಸಭ್ಯವಾಗಿ ನಡೆದುಕೊಂಡರೆ ಮರ್ಯಾದಸ್ಥನಾದ ಅತಿಥಿಗೆ ಆಗುವಂಥದು. ಪೆಟ್ಟು ತಿಂದವನು ತಾನು, ನಾಚಿಕೆಯಾಗಬೇಕಾದದ್ದು ಹೊಡೆದವನಿಗೆ ಎಂಬ ದೃಢವಾದ ನಂಬಿಕೆ ಆ ನಿಲುವಿನಲ್ಲಿದೆ. ಒಂದು ದಿನವೆಲ್ಲ ಅಧಿಕಾರಿಗಳು ಸುಡುಬಿಸಿಲಿನಲ್ಲಿ ನಿಲ್ಲುತ್ತಾರೆ. ಆಮೇಲೆ ನಿಕಲ್ಸನ್ನನನ್ನು ಹೊಡೆದು ತಗಡಿನ ಗೂಡೊಂದಕ್ಕೆ ನೂಕುತ್ತಾರೆ. ಸೈನಿಕರು ಅದನ್ನು ಒಲೆಯೆಂದೇ ಕರೆಯುತ್ತಾರೆ.

ಆ ಒಲೆಯಿಂದ ಅವನನ್ನು ಹೊರಗೆ ತೆಗೆದು ಸೈಟೋವಿನ ಬಳಿಗೆ ಕರೆದೊಯ್ಯುವ ದೃಶ್ಯವೊಂದಿದೆ. ಮಾತಿಲ್ಲ. ಬಯಲನ್ನು ದಾಟಿ ಹತ್ತಾರು ಮಾರು ನಡೆಯಬೇಕು, ಅಷ್ಟೆ. ಕಾಲು ನೆಲವನ್ನು ನಂಬುತ್ತಿಲ್ಲ. ಮೊಣಕಾಲು ಬಾಗದೆ ಮರಗಟ್ಟಿದೆ. ದೇಹ ಒಂದು ಮಗ್ಗುಲಿಗೆ ಜಗ್ಗುತ್ತದೆ. ಆದರೂ ಸೈನಿಕರು ನೋಡುತ್ತಿದ್ದಾರೆಂಬ ಒಂದೇ ಅರಿವು ಬೆನ್ನುಹುರಿಯನ್ನು ನೆಟ್ಟಗೆ ಎತ್ತಿ ಹಿಡಿದಿದೆ. ಎದೆಯಿಂದ ಮೇಲೆ ಕರ್ನಲ್, ಸೊಂಟದಿಂದ ಕೆಳಗೆ ನಡೆ ಕಲಿಯುತ್ತಿರುವ ಮಗು. ಭರತಮುನಿ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕು ಬಗೆಯಾಗಿ ಹೇಳಿದ್ದಾನಷ್ಟೆ. ಈ ನಡಿಗೆಯಲ್ಲಿ ಆಂಗಿಕವೇ ಸಾತ್ವಿಕವಾಗಿಬಿಟ್ಟಿದೆ. ಕಾಲು ಸೋತದ್ದೂ ಮನಸ್ಸು ಸೋಲದ್ದೂ ಒಂದೇ ಅಂಗಾಂಗದಲ್ಲಿ ಕಾಣುತ್ತವೆ. ಈ ನಡಿಗೆ ಗಿನೆಸ್ ಅವರಿಗೆ ಎಲ್ಲಿಂದ ಬಂತೆಂಬುದನ್ನು ತಿಳಿದಾಗ ನನಗೆ ಅಭಿನಯವೆಂಬ ವಿದ್ಯೆಯ ಬಗ್ಗೆಯೇ ಒಂದು ಭಯ ಹುಟ್ಟಿತು. ಅವರ ಮಗನಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಪೋಲಿಯೋ ತಗುಲಿ ಕಾಲಿನ ಸ್ವಾಧೀನ ತಪ್ಪಿತ್ತು. ಹುಡುಗ ಗುಣಮುಖನಾಗುತ್ತ, ಎಡವುತ್ತ, ಮತ್ತೆ ಹೆಜ್ಜೆ ಹಾಕಿದ್ದನ್ನು ತಂದೆ ನೋಡಿದ್ದರು. ಆ ಹೆಜ್ಜೆಗಳನ್ನೇ ಕರ್ನಲ್ಲನ ಕಾಲಿಗೆ ಕೊಟ್ಟರು. ತಮ್ಮ ಜೀವಮಾನದ ಕೆಲಸದಲ್ಲಿ ಈ ಸ್ವಲ್ಪ ಹೊತ್ತಿನ ನಡಿಗೆಯನ್ನೇ ಅವರು ಅತ್ಯುತ್ತಮವೆಂದು ಎಣಿಸಿದ್ದರು. ಮನೆಯ ದುಃಖವನ್ನು ಹಾಗೆ ಎತ್ತಿ ತೆರೆಯ ಮೇಲಿಡುವುದು ಸರಿಯೇ ಎಂದು ಕೇಳುವವರು ಇದ್ದಾರು. ಮಗ ಬಿದ್ದು ಎದ್ದದ್ದನ್ನು ತಂದೆಯ ಮೈ ಮರೆಯಲಿಲ್ಲ ಎಂಬಷ್ಟನ್ನು ಮಾತ್ರ ನಾನು ಹೇಳಬಲ್ಲೆ.

ಸೈಟೋ ಸೋಲುತ್ತಾನೆ. ಊಟವಿಡುತ್ತಾನೆ, ಮದ್ಯವಿಡುತ್ತಾನೆ, ಹಸಿದವನು ಮುಟ್ಟುವುದಿಲ್ಲ. ಕಡೆಗೆ 1905ರಲ್ಲಿ ರಷ್ಯವನ್ನು ಗೆದ್ದ ದಿನದ ನೆನಪಿಗೆ ಕ್ಷಮಾದಾನವೆಂದು ನೆಪ ಮಾಡಿ ಅಧಿಕಾರಿಗಳನ್ನು ಕೂಲಿಯಿಂದ ಬಿಡುತ್ತಾನೆ. ಹೊರಗೆ ಸೈನಿಕರು ತಮ್ಮ ಕರ್ನಲ್ಲನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿರುವಾಗ ಒಳಗೆ ಸೈಟೋ ಒಬ್ಬನೇ ಹಾಸಿಗೆಯ ಮೇಲೆ ಬಿದ್ದು ಅಳುತ್ತಾನೆ. ಸೆಸ್ಸೂ ಹಯಕಾವ ಎಂಬ ಜಪಾನಿ ನಟರು ಈ ಪಾತ್ರವನ್ನು ಬಹು ಗೌರವದಿಂದ ನಿರ್ವಹಿಸಿದ್ದಾರೆ. ಪ್ರತಿನಾಯಕ ಗಟ್ಟಿಯಾಗಿಲ್ಲದಿದ್ದರೆ ನಾಯಕನ ಗಟ್ಟಿತನ ತಿಳಿಯುವುದಿಲ್ಲ ಎಂಬುದು ನಮ್ಮ ಆಲಂಕಾರಿಕರಿಗೂ ಗೊತ್ತಿದ್ದ ವಿಷಯವೇ.

ಚಿತ್ರ ಇಲ್ಲಿಗೆ ಮುಗಿದಿದ್ದರೆ ವೀರರಸದ ಒಂದು ಒಳ್ಳೆಯ ಕತೆಯಾಗುತ್ತಿತ್ತು; ನಾನು ಅದರ ಬಗ್ಗೆ ಮಾತನಾಡಲು ಬರುತ್ತಿರಲಿಲ್ಲ. ಗೆದ್ದ ನಿಕಲ್ಸನ್ನನು ಕೆಲಸದ ಸ್ಥಳವನ್ನು ನೋಡಲು ಹೋಗುತ್ತಾನೆ. ಅವನ ಸೈನಿಕರು ಬೇಕೆಂದೇ ಕೆಲಸ ಕೆಡಿಸುತ್ತಿದ್ದಾರೆ. ಶತ್ರುವಿನ ಸೇತುವೆ ಬಿದ್ದರೆ ಅವರಿಗೇನು? ಕರ್ನಲ್ಲನಿಗೆ ಇದು ಸಹಿಸದು. ಸೈನಿಕರಲ್ಲಿ ಶಿಸ್ತು ಸಡಲಿದೆ, ಕೈಗೊಂದು ಯೋಗ್ಯವಾದ ಕೆಲಸ ಬೇಕು, ಬ್ರಿಟಿಷ್ ಸೈನಿಕ ಏನು ಮಾಡಬಲ್ಲನೆಂಬುದನ್ನು ತೋರಿಸಿಕೊಡೋಣ ಎಂದು ನಿಶ್ಚಯಿಸುತ್ತಾನೆ. ಸೈಟೋವಿನ ಮೇಜಿಗೇ ಹೋಗಿ ಕುಳಿತು, ಚಹ ತರಿಸಿ, ನಕ್ಷೆ ಬಿಡಿಸಿ, ಸೇತುವೆಯ ಜಾಗವನ್ನೇ ಬದಲಾಯಿಸುತ್ತಾನೆ. ಇಂಥ ಮರದ ಕಂಬಗಳು ಲಂಡನ್ ಸೇತುವೆಯಲ್ಲಿ ಆರು ನೂರು ವರ್ಷ ಬಾಳಿದವೆಂದು ಒಬ್ಬ ಅಧಿಕಾರಿ ಹೇಳಿದಾಗ ಗಿನೆಸ್ ಅವರ ಕಣ್ಣಿನಲ್ಲಿ ಒಂದು ಹೊಳಪು ಮೂಡುತ್ತದೆ. ಹೊಸ ಆಟಿಕೆ ಕಂಡ ಹುಡುಗನ ಹೊಳಪು ಅದು. ಅಲ್ಲಿಂದ ಮುಂದಕ್ಕೆ ಅವನನ್ನು ತಡೆಯುವವರಿಲ್ಲ. ಇದು ಶತ್ರುವಿಗೆ ನೆರವಾದಂತಲ್ಲವೇ ಎಂದು ಶಿಬಿರದ ವೈದ್ಯ ಕ್ಲಿಪ್ಟನ್ ಮೆಲ್ಲಗೆ ಕೇಳಿದರೆ, ಅವನಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಕೆಲಸ ಹಿಂದೆ ಬಿದ್ದಾಗ, ಯಾವ ಅಧಿಕಾರಿಗಳ ಕೈಗೆ ಗುದ್ದಲಿ ಹಿಡಿಸಬಾರದೆಂದು ಒಲೆಯಲ್ಲಿ ಬೆಂದಿದ್ದನೋ ಅದೇ ಅಧಿಕಾರಿಗಳ ಕೈಗೆ ತಾನೇ ಗುದ್ದಲಿ ಹಿಡಿಸುತ್ತಾನೆ. ಅದೂ ಸಾಲದೆ ಆಸ್ಪತ್ರೆಗೆ ಹೋಗಿ ರೋಗಿಗಳನ್ನು ಹಗುರವಾದ ಕೆಲಸಕ್ಕೆಂದು ಎಬ್ಬಿಸುತ್ತಾನೆ.

ಗಿನೆಸ್ ಅವರ ಹಿರಿಮೆ ನನಗೆ ಕಾಣುವುದು ಇಲ್ಲಿ. ಮೊದಲ ಅರ್ಧದ ವೀರನೂ ಎರಡನೆಯ ಅರ್ಧದ ಭ್ರಾಂತನೂ ಅವರ ಅಭಿನಯದಲ್ಲಿ ಬೇರೆ ಬೇರೆ ಮನುಷ್ಯರಲ್ಲ. ಧ್ವನಿ ಅದೇ, ನಡೆ ಅದೇ, ಮೀಸೆಯಂಚಿನ ಆ ಸಣ್ಣ ಸಂತೃಪ್ತಿ ಅದೇ. ಇವನ ಬುದ್ಧಿ ಕೆಟ್ಟಿತೆಂದು ನಮಗೆ ಸೂಚನೆ ಕೊಡುವ ಒಂದು ಹುಬ್ಬಿನ ಚಲನೆಯನ್ನೂ ಅವರು ಮಾಡುವುದಿಲ್ಲ. ಯಾವ ಛಲ ಅವನನ್ನು ಒಲೆಯಲ್ಲಿ ಕಾಪಾಡಿತೋ ಅದೇ ಛಲ ಸೇತುವೆಯನ್ನು ಕಟ್ಟುತ್ತದೆ. ಗುಣ ಬದಲಾಗಿಲ್ಲ, ಎದುರಿಗಿರುವ ವಸ್ತು ಬದಲಾಗಿದೆ. ಕನ್ನಡ ಕಾವ್ಯ ಓದಿದವರಿಗೆ ಇದು ಹೊಸದಾಗಿ ಕಾಣದು. ಪಂಪನಲ್ಲಿಯೂ ರನ್ನನಲ್ಲಿಯೂ ದುರ್ಯೋಧನನು ಛಲವೇ ಮೈವೆತ್ತಂತಿದ್ದಾನೆ. ಆ ಛಲವನ್ನು ನಾವು ಮೆಚ್ಚುತ್ತೇವೆ, ಅದರಿಂದಲೇ ಕುಲ ನಾಶವಾದದ್ದನ್ನೂ ನೋಡುತ್ತೇವೆ. ಎರಡನ್ನೂ ಒಂದೇ ಮನಸ್ಸಿನಲ್ಲಿ ಇಟ್ಟುಕೊಳ್ಳುವಂತೆ ಕವಿ ನಮ್ಮನ್ನು ಒತ್ತಾಯಪಡಿಸುತ್ತಾನೆ. ಶ್ರೀ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕರ ಅಯಾಸನ ಕತೆಯನ್ನು ನಮ್ಮ ಅಶ್ವತ್ಥಾಮನಿಗೆ ಹೊಂದಿಸಿ ರುದ್ರನಾಟಕ ಬರೆದಾಗ ಆರಿಸಿಕೊಂಡದ್ದೂ ಇಂಥ ಅಭಿಮಾನಧನನನ್ನೇ. ಒಂದು ವ್ಯತ್ಯಾಸವುಂಟು. ದುರ್ಯೋಧನನಿಗೆ ತನ್ನ ಛಲ ಛಲವೆಂದು ಗೊತ್ತು. ನಿಕಲ್ಸನ್ನನಿಗೆ ಅದು ಬರಿಯ ಕರ್ತವ್ಯ.

ಶಾಲೆಯಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಒಮ್ಮೆ ಈ ಚಿತ್ರವನ್ನು ತೋರಿಸಿದೆ. ಮುಗಿದ ಮೇಲೆ ಒಬ್ಬ ಹುಡುಗ, “ಸಾರ್, ಆ ಕರ್ನಲ್ ಒಳ್ಳೆಯವರೋ ಕೆಟ್ಟವರೋ?” ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ, “ಒಳ್ಳೆಯವರೇ ಕಣೋ, ನಮ್ಮ ಸಾರ್ ಥರ” ಎಂದಳು. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಆ ಮಾತು ನನ್ನನ್ನು ಬಿಟ್ಟು ಹೋಗಿಲ್ಲ. ಅಂಚು ಬಿಟ್ಟು ಬರೆಯಿರಿ, ಅಕ್ಷರ ದುಂಡಗಿರಲಿ, ಹಿಡಿದ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿ ಎಂದು ಹೇಳದ ದಿನ ನನ್ನ ವೃತ್ತಿಯಲ್ಲಿ ಒಂದೂ ಇಲ್ಲ. ನಿಕಲ್ಸನ್ನನು ಆಡುವುದು ಇದೇ ಮಾತನ್ನು. ಕಂಬ ನೆಟ್ಟಗಿದೆಯೇ, ತೊಲೆ ಗಟ್ಟಿಯಾಗಿದೆಯೇ ಎಂದು ಕೇಳುತ್ತಾನೆ. ಈ ಸೇತುವೆಯ ಮೇಲೆ ಯಾರ ರೈಲು, ಯಾರನ್ನು ಕೊಲ್ಲಲು, ಏನನ್ನು ಹೊತ್ತು ಹೋಗುತ್ತದೆ ಎಂದು ಮಾತ್ರ ಕೇಳುವುದಿಲ್ಲ. ಆ ಪ್ರಶ್ನೆ ನಮ್ಮ ಪಠ್ಯದಲ್ಲಿ ಯಾವ ಪಾಠದ ಕೊನೆಯಲ್ಲಿಯೂ ಇಲ್ಲ.

ಸೇತುವೆ ಮುಗಿದ ಸಂಜೆ ಕರ್ನಲ್ಲನು ಅದರ ಮೇಲೆ ಒಬ್ಬನೇ ಅಡ್ಡಾಡುತ್ತಾನೆ. ಇದನ್ನು ನಿರ್ಮಿಸಿದವರು ಬ್ರಿಟಿಷ್ ಸೈನಿಕರೆಂದು ಬರೆದ ಹಲಗೆಯೂ ಅಲ್ಲಿದೆ. ಸೂರ್ಯ ಮುಳುಗುತ್ತಿದ್ದಾನೆ, ಸೈಟೋ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ಸುಂದರವೆಂದು ಸೈಟೋ ಹೇಳಿದರೆ, ಅದು ಸಂಜೆಯ ಬಗ್ಗೆಯೋ ಸೇತುವೆಯ ಬಗ್ಗೆಯೋ ತಿಳಿಯದು. ನಿಕಲ್ಸನ್ನನಿಗಂತೂ ಸಂದೇಹವಿಲ್ಲ, ಅದು ಸೇತುವೆಯ ಬಗ್ಗೆಯೇ. ಆಮೇಲೆ ಅವನು ತನ್ನಷ್ಟಕ್ಕೇ ಎಂಬಂತೆ ಮಾತನಾಡುತ್ತಾನೆ. ಸೈನ್ಯ ಸೇರಿ ನಾಳೆಗೆ ಇಪ್ಪತ್ತೆಂಟು ವರ್ಷ. ಅಷ್ಟರಲ್ಲಿ ಊರಿನಲ್ಲಿ ಕಳೆದದ್ದು ಹತ್ತು ತಿಂಗಳೂ ಇಲ್ಲವೇನೋ. ಮುಗಿಯುವ ಕಾಲ ಹತ್ತಿರವಾದಾಗ ಮನುಷ್ಯ ತನ್ನ ಬಾಳಿನಿಂದ ಏನಾದರೂ ಪ್ರಯೋಜನವಾಯಿತೇ ಎಂದು ಕೇಳಿಕೊಳ್ಳುತ್ತಾನಲ್ಲವೇ ಎಂಬ ಅರ್ಥದ ಮಾತು. ಮುಖವನ್ನು ನಮಗೆ ಹೆಚ್ಚಾಗಿ ತೋರಿಸುವುದಿಲ್ಲ. ಬೆನ್ನ ಕಡೆಯಿಂದ ಚಿತ್ರಿಸಿದ್ದಕ್ಕೆ ನಟರಿಗೂ ನಿರ್ದೇಶಕರಿಗೂ ದೊಡ್ಡ ಮನಸ್ತಾಪವೇ ಆಯಿತಂತೆ. ನೋಡುವವನ ಪಾಲಿಗೆ ಆ ಜಗಳದಿಂದ ಲಾಭವೇ ಆಗಿದೆ. ಬೆನ್ನು ಕೂಡ ಮಾತನಾಡುತ್ತದೆ ಎಂಬುದು ಇಂಥ ನಟರಿಂದ ನಮಗೆ ತಿಳಿಯಬೇಕು. ಮಾತಿನ ಕೊನೆಗೆ ಕೈಯಲ್ಲಿದ್ದ ಬೆತ್ತ ಜಾರಿ ನದಿಗೆ ಬೀಳುತ್ತದೆ. ಅಯ್ಯೋ ಎನ್ನುವಂತೆ ಸಣ್ಣದೊಂದು ಉದ್ಗಾರ, ಮತ್ತೆ ಶಿಬಿರದ ಕಡೆಗೆ ನಡೆ. ಕೆಳಗೆ ನದಿಯ ದಡದಲ್ಲಿ ಅವನ ಕಡೆಯವರೇ ಆ ಸೇತುವೆಯನ್ನು ಸಿಡಿಸಲು ಬಂದು ಹೊಂಚುಹಾಕಿದ್ದಾರೆ.

ಅಭಿಮಾನಿಯಾದವನು ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಬಾರದು. ಸಯಾಮು ಬರ್ಮಗಳ ನಡುವಣ ಆ ರೈಲುದಾರಿ ಕಟ್ಟುಕತೆಯಲ್ಲ. 415 ಕಿಲೋಮೀಟರಿನ ಆ ದಾರಿಯನ್ನು 1942ರಿಂದ 1943ರ ಅಕ್ಟೋಬರ್‌ವರೆಗಿನ ಅವಧಿಯಲ್ಲಿ ಕಟ್ಟಿಸಿದರು. ಸುಮಾರು 60,000 ಯುದ್ಧಕೈದಿಗಳಲ್ಲಿ 12,000ಕ್ಕೂ ಹೆಚ್ಚು ಮಂದಿ ಸತ್ತರು. ಅವರಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಸತ್ತವರು ಏಷ್ಯದ ಕೂಲಿಗಳು. ಬರ್ಮದವರು, ಜಾವಾದವರು, ಮಲಯದವರು, ಮಲಯದ ರಬ್ಬರ್ ತೋಟಗಳಿಂದ ಸಾಗಿಸಿದ ತಮಿಳರು. ಈ ಸಾವುಗಳನ್ನು ತೊಂಬತ್ತು ಸಾವಿರದವರೆಗೂ, ಅದಕ್ಕೆ ಮೀರಿಯೂ ಅಂದಾಜು ಮಾಡುತ್ತಾರೆ. ಚಿತ್ರದ ಸೇತುವೆ ಎದ್ದದ್ದು ಸಿಂಹಳದ ಕಿತುಲ್‌ಗಲದ ಬಳಿ, ಕೆಲನಿ ನದಿಯ ಮೇಲೆ. ಆದರೆ ಚಿತ್ರದೊಳಗೆ ಆ ತಮಿಳು ಕೂಲಿಗಳಿಗೆ ಜಾಗವಿಲ್ಲ. ಇದು ಸಣ್ಣ ಲೋಪವೆಂದು ನನಗೆ ಅನ್ನಿಸುವುದಿಲ್ಲ. ನಿಜವಾದ ಸೇತುವೆಯ ಶಿಬಿರದಲ್ಲಿದ್ದ ಹಿರಿಯ ಬ್ರಿಟಿಷ್ ಅಧಿಕಾರಿ ಫಿಲಿಪ್ ಟೂಸಿ ಎಂಬವರು. ನಿಕಲ್ಸನ್ನನಿಗೂ ಅವರಿಗೂ ಸಂಬಂಧವಿಲ್ಲ. ತಮ್ಮವರ ಪ್ರಾಣ ಉಳಿಸುವುದಕ್ಕಾಗಿ ಕೆಲಸಕ್ಕೆ ಒಪ್ಪಿ, ಒಳಗೊಳಗೇ ಅದನ್ನು ತಡಮಾಡಿಸಿದವರು. ಮರದ ಕಂಬಗಳಿಗೆ ಗೆದ್ದಲು ತಂದು ಬಿಡಿಸಿದರೆಂದೂ ಹೇಳುತ್ತಾರೆ. ಅವರ ಕೈಕೆಳಗಿದ್ದ ಕೈದಿಗಳಿಗೆ ಈ ಚಿತ್ರ ನೋವುಂಟುಮಾಡಿತು. ಆ ನೋವು ನ್ಯಾಯವಾದದ್ದು. ಗಿನೆಸ್ ಅವರ ಅಭಿನಯ ಎಷ್ಟು ನಿಜವೆನಿಸುತ್ತದೆಯೋ ಅಷ್ಟರಮಟ್ಟಿಗೆ ಟೂಸಿ ಅವರಿಗೆ ಅನ್ಯಾಯವಾಯಿತು ಎಂಬುದು ವಿಚಿತ್ರವಾದ ಲೆಕ್ಕ. ಕಾವ್ಯದ ದುರ್ಯೋಧನನಿಂದ ಯಾವ ಮನೆಯವರೂ ಇಂದು ನೊಂದುಕೊಳ್ಳುವುದಿಲ್ಲ. ನಿನ್ನೆ ಮೊನ್ನೆಯ ಯುದ್ಧದ ಮೇಲೆ ಕತೆ ಕಟ್ಟುವವರಿಗೆ ಆ ಸೌಕರ್ಯವಿಲ್ಲ.

ಈ ಚಿತ್ರಕ್ಕೆ 1958ರಲ್ಲಿ ಏಳು ಆಸ್ಕರ್ ಬಹುಮಾನಗಳು ಬಂದವು; ಶ್ರೇಷ್ಠ ನಟನ ಬಹುಮಾನ ಗಿನೆಸ್ ಅವರದು. ಬಹುಮಾನದ ಮಾತು ಅಷ್ಟು ಸಾಕು. ಕೊನೆಯ ದೃಶ್ಯಕ್ಕೆ ಬರುತ್ತೇನೆ.

ಬೆಳಗಾಗುವ ವೇಳೆಗೆ ನದಿಯ ನೀರು ಇಳಿದಿದೆ. ಸಿಡಿಮದ್ದಿಗೆ ಜೋಡಿಸಿದ ತಂತಿ ಮರಳಿನ ಮೇಲೆ ಕಾಣುತ್ತಿದೆ. ತನ್ನ ಸೇತುವೆಯನ್ನು ಕೊನೆಯ ಸಲ ಪರೀಕ್ಷಿಸುತ್ತಿದ್ದ ಕರ್ನಲ್ಲನ ಕಣ್ಣಿಗೆ ಅದು ಬೀಳುತ್ತದೆ. ಸೈಟೋವನ್ನೂ ಕರೆದುಕೊಂಡು ಕೆಳಗಿಳಿದು ತಂತಿಯನ್ನು ಎಳೆಯುತ್ತ ಹೋಗುತ್ತಾನೆ. ಬಂಡೆಯ ಮರೆಯಿಂದ ತರುಣ ಬ್ರಿಟಿಷ್ ಅಧಿಕಾರಿಯೊಬ್ಬ ಹಾರಿ ಸೈಟೋವನ್ನು ಇರಿದು ಕೊಲ್ಲುತ್ತಾನೆ. ಸೇತುವೆಯನ್ನು ಸಿಡಿಸಲು ಬಂದವನು ತಾನೆಂದು ಅವನು ಹೇಳಿದರೆ ನಿಕಲ್ಸನ್ನನು ಆ ಮಾತನ್ನು ಅರ್ಥವಾಗದ ಭಾಷೆಯೊಂದನ್ನು ಕೇಳಿದಂತೆ ಕೇಳುತ್ತಾನೆ. ಹುಡುಗನ ಕಾಲು ಹಿಡಿದು ಜಗ್ಗುತ್ತ ಸಹಾಯಕ್ಕಾಗಿ ಕೂಗುತ್ತಾನೆ. ಯಾರನ್ನು ಕೂಗುತ್ತಾನೆ? ಜಪಾನೀಯರನ್ನು! ಆವರೆಗೆ ಒಮ್ಮೆಯೂ ಏರದ ಧ್ವನಿ ಅಲ್ಲಿ ಒಡೆದು ಕಿರುಚುತ್ತದೆ. ಹುಡುಗ ಗುಂಡು ತಿಂದು ಬೀಳುತ್ತಾನೆ. ನದಿ ಈಜಿ ಬಂದ ಇನ್ನೊಬ್ಬ, ಹಿಂದೆ ಇದೇ ಶಿಬಿರದಿಂದ ತಪ್ಪಿಸಿಕೊಂಡು ಹೋದ ಅಮೆರಿಕನ್ ಸೈನಿಕ, ಅವನ ಕಾಲ ಬಳಿಯಲ್ಲೇ ಸಾಯುತ್ತಾನೆ. ಆ ಮುಖದ ಗುರುತು ಸಿಕ್ಕ ಕ್ಷಣದಲ್ಲಿ ಕರ್ನಲ್ಲನಿಗೆ ತಾನು ಮಾಡಿದ್ದರ ಗುರುತೂ ಸಿಕ್ಕುತ್ತದೆ.

ಶಾಕುಂತಲದಲ್ಲಿ ಉಂಗುರ ಕಂಡ ದುಷ್ಯಂತನಿಗೆ ಪಶ್ಚಾತ್ತಾಪಪಡಲು ಒಂದು ಅಂಕವೇ ಇದೆ. ಗಿನೆಸ್ ಅವರಿಗೆ ದೊರೆತದ್ದು ಕೆಲವೇ ಕ್ಷಣ, ಒಂದು ಸಣ್ಣ ಪ್ರಶ್ನೆಯಷ್ಟು ಮಾತು. ಏನು ಮಾಡಿಬಿಟ್ಟೆ ಎಂದು ತನ್ನನ್ನೇ ಕೇಳಿಕೊಳ್ಳುವ ಆ ಧ್ವನಿಯಲ್ಲಿ ಆರ್ಭಟವಿಲ್ಲ, ಕಣ್ಣೀರಿಲ್ಲ. ಲೆಕ್ಕ ತಪ್ಪಿದ ಹುಡುಗ ಹಲಗೆಯನ್ನು ನೋಡುವಂತೆ ಸೇತುವೆಯ ಕಡೆಗೆ ನೋಡುತ್ತಾನೆ. ಅಷ್ಟರಲ್ಲಿ ಗುಡ್ಡದ ಮೇಲಿನಿಂದ ಅವನ ಕಡೆಯವರೇ ಹಾರಿಸಿದ ಮದ್ದುಗುಂಡು ಹತ್ತಿರ ಬಿದ್ದು ಸಿಡಿಯುತ್ತದೆ. ಗಾಯಗೊಂಡವನು ಎದ್ದು, ಟೋಪಿಯ ಧೂಳನ್ನು ಒರಸಿ, ತೂರಾಡುತ್ತ ಸಿಡಿಮದ್ದಿನ ಹಿಡಿಯ ಕಡೆಗೆ ನಾಲ್ಕಾರು ಹೆಜ್ಜೆ ಇಟ್ಟು ಅದರ ಮೇಲೆಯೇ ಕುಸಿಯುತ್ತಾನೆ. ಸೇತುವೆ ರೈಲಿನೊಡನೆ ನದಿಗೆ ಬೀಳುತ್ತದೆ.

ಬೂಲ್ ಅವರ ಕಾದಂಬರಿಯಲ್ಲಿ ಸೇತುವೆ ಬೀಳುವುದಿಲ್ಲ. ಚಿತ್ರದಲ್ಲಿ ಅವನು ಬೇಕೆಂದೇ ಹಿಡಿಯ ಮೇಲೆ ಬಿದ್ದನೋ, ಸಾಯುವ ದೇಹ ಆಕಸ್ಮಿಕವಾಗಿ ಅಲ್ಲಿ ಉರುಳಿತೋ ಎಂದು ನೋಡಿದವರು ಇಂದಿಗೂ ವಾದಿಸುತ್ತಾರೆ. ನಾನು ಹತ್ತು ಹನ್ನೆರಡು ಸಲ ನೋಡಿದ್ದೇನೆ. ಆ ಹೆಜ್ಜೆಗಳನ್ನೇ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಕಣ್ಣು ಆಗಲೇ ಮೇಲಕ್ಕೆ ತಿರುಗಿದೆ, ಅದರಲ್ಲಿ ಸಂಕಲ್ಪವೆಂಬುದು ಕಾಣುವುದಿಲ್ಲ. ಕಾಲು ಮಾತ್ರ ಹಿಡಿಯ ಕಡೆಗೇ ಹೋಗುತ್ತದೆ. ಒಲೆಯಿಂದ ಹೊರಬಂದ ದಿನ ಬಯಲನ್ನು ದಾಟಿದ ಕಾಲೇ ಅದು. ಮೊಣಕಾಲು ಹಾಗೆಯೇ ಬಾಗದೆ ನಿಂತಿದೆ.